ಇಂಚು, ಸೆಂಟು, ಮೂವತ್ತು ವರ್ಷ: ಮಲೆನಾಡಿನ ತೋಟಕ್ಕೆ ಯಾವ ಮಳೆಮಾಪಕ ಕೊಳ್ಳಬೇಕು?

ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಕೇಳಿದರೆ ಮಿಲಿಮೀಟರಿನಲ್ಲಿ ಉತ್ತರ ಸಿಗುವುದು ಕಡಿಮೆ. ‘ರಾತ್ರಿ ಎರಡು ಇಂಚು ನಲವತ್ತು ಸೆಂಟು’ ಎನ್ನುತ್ತಾರೆ. ಇಂಚಿಗೆ ನೂರು ಸೆಂಟು. ತಲೆಮಾರುಗಳಿಂದ ಹೀಗೆ ಬರೆದಿಟ್ಟ ಮಳೆ ಪುಸ್ತಕಗಳು ಹಲವು ತೋಟಗಳಲ್ಲಿ ಇವೆ. ‘ಮೊದಲಿನ ಹಾಗೆ ಮಳೆ ಇಲ್ಲ’ ಎಂಬ ಮಾತು ಎಷ್ಟು ನಿಜ, ಎಷ್ಟು ನೆನಪಿನ ಮೋಸ ಎಂದು ತೀರ್ಮಾನಿಸಲು ನಮ್ಮ ಭಾಗದಲ್ಲಿ ಇವಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ. ಆದರೆ ಪುಸ್ತಕದ ಯೋಗ್ಯತೆ ಅಂಗಳದಲ್ಲಿ ನಿಂತಿರುವ ಮಾಪಕದ ಯೋಗ್ಯತೆಯಷ್ಟೇ.

ಮಾರುಕಟ್ಟೆಯಲ್ಲಿ ಮೂರು ಬಗೆಯ ಮಾಪಕ ಸಿಗುತ್ತವೆ: ಪ್ಲಾಸ್ಟಿಕ್ ಕೊಳವೆ, ಫೈಬರಿನ (ಎಫ್‌ಆರ್‌ಪಿ) ಸಾಧಾರಣ ಮಾಪಕ, ಡಿಜಿಟಲ್ ಮಾಪಕ. ಇಲ್ಲಿ ಮೂರನ್ನೂ ಒಂದೇ ಪ್ರಶ್ನೆಯಿಂದ ತೂಗಿದ್ದೇವೆ: ಮೂವತ್ತು ವರ್ಷದ ನಂತರ ಇದು ಕೊಟ್ಟ ಅಂಕಿಯನ್ನು ನಂಬಬಹುದೇ? ಮೂವತ್ತೇ ಏಕೆಂದರೆ, ಒಂದು ಊರಿನ ಹವಾಮಾನದ ‘ವಾಡಿಕೆ’ ಎಂದು ಜಗತ್ತೆಲ್ಲ ಲೆಕ್ಕ ಹಾಕುವುದು ಸಾಮಾನ್ಯವಾಗಿ ಮೂವತ್ತು ವರ್ಷದ ಸರಾಸರಿಯಿಂದ. ಮಳೆಗೆ ಅದೂ ಸಾಲದು. ಭಾರತೀಯ ಹವಾಮಾನ ಇಲಾಖೆ ದೇಶದ ಮುಂಗಾರಿಗೆ ಇಟ್ಟುಕೊಂಡಿರುವ 87 ಸೆಂ.ಮೀ. ಎಂಬ ವಾಡಿಕೆ 1971ರಿಂದ 2020ರವರೆಗಿನ ಐವತ್ತು ವರ್ಷಗಳದ್ದು.

ತೀರ್ಪು ಮೊದಲೇ ಹೇಳಿಬಿಡೋಣ. ಕೊಳ್ಳಬೇಕಾದ್ದು ಫೈಬರ್ ಮಾಪಕ. ಡಿಜಿಟಲ್ ಇದ್ದರೆ ಅದರ ಪಕ್ಕಕ್ಕೆ ಇರಲಿ. ಪ್ಲಾಸ್ಟಿಕ್ ಕೊಳವೆ ಮಕ್ಕಳ ಶಾಲೆಗೆ ಸಾಕು.

ಪ್ಲಾಸ್ಟಿಕ್ ಕೊಳವೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕೆಲವು ನೂರು ರೂಪಾಯಿ, ಬೇಲಿ ಕಂಬಕ್ಕೆ ಎರಡು ಸ್ಕ್ರೂ, ಮುಗಿಯಿತು. ಬೆಣೆಯಾಕಾರದವು ಒಂದೂವರೆ ಇಂಚಿನ ಆಸುಪಾಸಿಗೇ ತುಂಬಿಹೋಗುತ್ತವೆ. ಘಟ್ಟದ ಅಂಚಿನಲ್ಲಿ ಜುಲೈ ತಿಂಗಳ ಒಂದು ರಾತ್ರಿಗೆ ಅದು ಏನೂ ಅಲ್ಲ. ಬಾಯಿ ಕಿರಿದಾದ್ದರಿಂದ ಗಾಳಿ ಸ್ವಲ್ಪ ಬೀಸಿದರೂ ಹನಿ ತಪ್ಪುತ್ತದೆ. ನೀರು ಬಿಸಿಲಿಗೆ ತೆರೆದೇ ಇರುವುದರಿಂದ ಮಾರ್ಚ್‌ನ ಹತ್ತು ಸೆಂಟು ಬೆಳಗಾಗುವಷ್ಟರಲ್ಲಿ ಏಳಾಗಿರುತ್ತದೆ. ಎರಡು ಬೇಸಿಗೆ ಕಳೆದರೆ ಗೆರೆಗಳು ಮಾಸಿ, ಕೊಳವೆ ಬಿರುಕು ಬಿಡುತ್ತದೆ. ಐದಕ್ಕೆ ಒಂದೂವರೆ ಅಂಕ.

ಇನ್ನು ಫೈಬರ್ ಮಾಪಕ. ಹವಾಮಾನ ಇಲಾಖೆಯ ಕೇಂದ್ರಗಳಲ್ಲಿ ಕಾಣುವುದು ಇದೇ ಬಗೆಯದು. ಭಾಗಗಳು ನಾಲ್ಕೇ: ಮೇಲೆ ಕಂಚಿನ ಬಳೆ ಕೂರಿಸಿದ ಲಾಳಿಕೆ, ಕೆಳಗೆ ನೆಲಕ್ಕೆ ಹೂಳುವ ಬುಡ, ಒಳಗೆ ಪಾಲಿಥೀನ್ ಬಾಟಲಿ, ಪಕ್ಕದಲ್ಲಿ ಗೆರೆ ಹಾಕಿದ ಅಳತೆ ಗ್ಲಾಸು. ಚಲಿಸುವ ಭಾಗ ಒಂದೂ ಇಲ್ಲ, ಬ್ಯಾಟರಿ ಇಲ್ಲ. ಬಾಟಲಿಯ ಕತ್ತು ಕಿರಿದಾಗಿ ನೆರಳಿನಲ್ಲೇ ಇರುವುದರಿಂದ ನೀರು ಆವಿಯಾಗುವುದು ನಗಣ್ಯ. ಇಷ್ಟು ಸರಳವಾದ ವಸ್ತುವಿನಲ್ಲಿ ಏನು ತಪ್ಪಾದೀತು ಎನಿಸಬಹುದು. ತಪ್ಪಾಗುವುದು ಮುಖ್ಯವಾಗಿ ಕೊಳ್ಳುವಾಗ ಮತ್ತು ನೆಡುವಾಗ.

ಲಾಳಿಕೆಯ ಬಾಯಿ ಎರಡು ಅಳತೆಯಲ್ಲಿ ಬರುತ್ತದೆ: 200 ಚದರ ಸೆಂ.ಮೀ. ಮತ್ತು 100 ಚದರ ಸೆಂ.ಮೀ. ಮೊದಲನೆಯದರ ಒಳವ್ಯಾಸ ಸುಮಾರು 16 ಸೆಂ.ಮೀ., ಎರಡನೆಯದರದ್ದು 11.3. ಬಾಟಲಿ 2, 4, 10 ಲೀಟರಿನವು. 200ರ ಬಾಯಿಗೆ 4 ಲೀಟರ್ ಬಾಟಲಿ ಹಾಕಿದರೆ ಹಿಡಿಯುವುದು 200 ಮಿ.ಮೀ., ಅಂದರೆ ಎಂಟು ಇಂಚಿಗೆ ಸ್ವಲ್ಪ ಕಡಿಮೆ. ಇಲಾಖೆ ‘ಅತ್ಯಂತ ಭಾರಿ ಮಳೆ’ ಎಂದು ಕರೆಯುವುದು ದಿನಕ್ಕೆ 204.5 ಮಿ.ಮೀ. ಮೇಲ್ಪಟ್ಟದ್ದನ್ನು. ಯಾವ ದಿನದ ಲೆಕ್ಕ ಎಲ್ಲಕ್ಕಿಂತ ಮುಖ್ಯವೋ ಆ ದಿನವೇ ಬಾಟಲಿ ಉಕ್ಕಿ ಹರಿದಿರುತ್ತದೆ. 2018 ಮತ್ತು 2019ರ ಆಗಸ್ಟ್‌ಗಳನ್ನು ಕಂಡ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗುಂಬೆ, ಭಾಗಮಂಡಲದಂಥ ಕಡೆ 100ರ ಬಾಯಿ, 10 ಲೀಟರ್ ಬಾಟಲಿ ತೆಗೆದುಕೊಳ್ಳಿ: 1000 ಮಿ.ಮೀ. ಹಿಡಿಯುತ್ತದೆ. ಕುಶಾಲನಗರ, ಕಡೂರು, ಶಿವಮೊಗ್ಗದ ಬಯಲಿನ ಕಡೆಗೆ 200ರ ಬಾಯಿ, 4 ಲೀಟರ್ ಬಾಟಲಿ ಸಾಕು. ಬಾಯಿ ಅಗಲವಾದಷ್ಟೂ ಸಣ್ಣ ಮಳೆಯ ಅಳತೆ ಚೊಕ್ಕ.

ಅಳತೆ ಗ್ಲಾಸಿನ ವಿಷಯ ಇನ್ನೂ ಮುಖ್ಯ. ಒಂದು ಮಿ.ಮೀ. ಮಳೆ ಎಂದರೆ 200ರ ಬಾಯಿಗೆ 20 ಮಿ.ಲೀ. ನೀರು, 100ರ ಬಾಯಿಗೆ 10 ಮಿ.ಲೀ. ಗ್ಲಾಸಿನ ಗೆರೆಗಳನ್ನು ಆಯಾ ಬಾಯಿಗೆ ಹೊಂದಿಸಿಯೇ ಹಾಕಿರುತ್ತಾರೆ. 200ರ ಮಾಪಕದ ನೀರನ್ನು 100ರ ಗ್ಲಾಸಿನಲ್ಲಿ ಅಳೆದರೆ ಮಳೆ ಎರಡರಷ್ಟು ತೋರುತ್ತದೆ. ಅಷ್ಟು ದೊಡ್ಡ ತಪ್ಪು ಹೇಗೂ ಕಣ್ಣಿಗೆ ಬೀಳುತ್ತದೆ. ಅಪಾಯ ಇರುವುದು ಹಳೆಯ ತಾಮ್ರದ ಮಾಪಕಗಳಲ್ಲಿ. ಅವು ಸೈಮನ್ಸ್ ಮಾದರಿಯವು, ಬಾಯಿ ಐದು ಇಂಚು ವ್ಯಾಸ, ವಿಸ್ತೀರ್ಣ ಸುಮಾರು 127 ಚದರ ಸೆಂ.ಮೀ. ಅದರ ಗ್ಲಾಸು ಒಡೆದಾಗ ಅಂಗಡಿಯಲ್ಲಿ ಸಿಕ್ಕ 200ರ ಗ್ಲಾಸು ತಂದು ಬಳಸಿದರೆ ನೂರು ಸೆಂಟು ಮಳೆ ಅರವತ್ತಮೂರು ಸೆಂಟಾಗುತ್ತದೆ. ಅಳೆಯುವವರಿಗೆ ಗೊತ್ತೇ ಆಗುವುದಿಲ್ಲ. ಪುಸ್ತಕದಲ್ಲಿ ಆ ವರ್ಷದಿಂದ ಮುಂದೆ ಮಳೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿದ್ದುಹೋಗುತ್ತದೆ, ಮೊಮ್ಮಕ್ಕಳು ಅದನ್ನು ಹವಾಮಾನ ಬದಲಾವಣೆ ಎಂದು ಓದುತ್ತಾರೆ.

ಪರೀಕ್ಷೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ, 200 ಗ್ರಾಂ ನೀರು ತೂಗಿ ಗ್ಲಾಸಿಗೆ ಸುರಿಯಿರಿ. 200ರ ಗ್ಲಾಸಾದರೆ 10 ಮಿ.ಮೀ. ತೋರಿಸಬೇಕು, 100ರದ್ದಾದರೆ 20. ಸೈಮನ್ಸ್ ಗ್ಲಾಸಿಗೆ ಒಂದು ಇಂಚು ಎಂದರೆ 322 ಗ್ರಾಂ. ಗ್ಲಾಸು ಹಿಡಿಯುವುದು ಅರ್ಧ ಇಂಚಾದರೆ 161 ಗ್ರಾಂ. ಗೆರೆ ಓದುವಾಗ ಗ್ಲಾಸನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಅಂಚಿಗೆ ಏರಿದ ನೀರನ್ನು ಬಿಟ್ಟು ನಡುವಿನ ತಗ್ಗನ್ನು ಓದಬೇಕು. ಕೈಯಲ್ಲಿ ಎತ್ತಿ ಹಿಡಿದು ಓದಿದರೆ ಎರಡು ಮೂರು ಸೆಂಟಿನ ವ್ಯತ್ಯಾಸ ಖಂಡಿತ.

ನೆಡುವ ಕ್ರಮ ಹೀಗೆ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಗೆ ಕಾಂಕ್ರೀಟ್ ಹಾಕಿ ಬುಡವನ್ನು ಅದರಲ್ಲಿ ಕೂರಿಸಿ. ಲಾಳಿಕೆಯ ಬಳೆ ಸುತ್ತಲಿನ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಲಿ. ಬಳೆಯ ಮೇಲೆ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಮತ್ತೆ ನೋಡಿ. ಸುತ್ತ ಸಿಮೆಂಟು ಬಳಿಯಬೇಡಿ, ಹನಿ ಸಿಡಿದು ಒಳಗೆ ಬೀಳುತ್ತದೆ, ಗಿಡ್ಡ ಹುಲ್ಲಿರಲಿ. ಹತ್ತಿರದ ಮರ, ಗೋಡೆ, ಚಾವಣಿ ಎಷ್ಟು ಎತ್ತರವೋ ಕನಿಷ್ಠ ಅದರ ಎರಡು ಪಟ್ಟು ದೂರ ಬಿಡಬೇಕು. ಟೆರೇಸಿನ ಮೇಲೆ ಇಡುವುದು ಬೇಡವೇ ಬೇಡ. ಮೇಲಕ್ಕೆ ಹೋದಷ್ಟೂ ಗಾಳಿ ಹೆಚ್ಚು, ಬಳೆಯ ಮೇಲೆ ಗಾಳಿ ಎದ್ದು ಹನಿಗಳನ್ನು ಆಚೆ ತಳ್ಳುತ್ತದೆ.

ಕಾಫಿ ತೋಟದ ಮಟ್ಟಿಗೆ ಈ ‘ಎರಡು ಪಟ್ಟು’ ನಿಯಮವೇ ಕಂಟಕ. ಮಾಪಕ ನೆಟ್ಟ ದಿನ ಪಕ್ಕದ ಸಿಲ್ವರ್ ಓಕ್ ಆಳೆತ್ತರ. ಇಪ್ಪತ್ತು ವರ್ಷದಲ್ಲಿ ಅದು ಅರವತ್ತು ಅಡಿ, ಅದರ ಮೇಲೆ ಮೆಣಸಿನ ಬಳ್ಳಿ. ಓರೆಯಾಗಿ ಬೀಸುವ ಮುಂಗಾರು ಮಳೆಯ ಒಂದು ಪಾಲನ್ನು ಮರ ತಡೆಯುತ್ತದೆ. ತಡೆಯುವ ಪ್ರಮಾಣ ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತ ಹೋಗುವುದರಿಂದ ಪುಸ್ತಕದ ಅಂಕಿಯೂ ನಿಧಾನಕ್ಕೆ ಇಳಿಯುತ್ತದೆ, ಥೇಟ್ ಹವಾಮಾನ ಬದಲಾದ ಹಾಗೆಯೇ. ಹಳೆಯ ಪುಸ್ತಕಗಳನ್ನು ನೋಡುವಾಗ ಮೊದಲು ಕೇಳಬೇಕಾದ್ದು ‘ಮಾಪಕದ ಸುತ್ತ ಮರ ಯಾವಾಗ ನೆಟ್ಟಿರಿ, ಯಾವಾಗ ಕಪಾತು ಮಾಡಿದಿರಿ’ ಎಂದು. ಐದು ವರ್ಷಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ನಾಲ್ಕು ದಿಕ್ಕಿನ ಫೋಟೋ ತೆಗೆದು ಪುಸ್ತಕಕ್ಕೆ ಅಂಟಿಸಿದರೆ ಮುಂದಿನವರಿಗೆ ಉಪಕಾರ. ಮಾಪಕವನ್ನು ಬದಲಾಯಿಸಲೇಬೇಕಾದರೆ ಹಳೆಯದೂ ಹೊಸದೂ ಅಕ್ಕಪಕ್ಕದಲ್ಲಿ ಕನಿಷ್ಠ ಒಂದು ಪೂರ್ತಿ ವರ್ಷ ಓಡಲಿ, ಎರಡರ ಅಂಕಿಯನ್ನೂ ಬರೆಯಿರಿ. ಫೈಬರ್ ಮಾಪಕಕ್ಕೆ ಐದಕ್ಕೆ ನಾಲ್ಕೂವರೆ. ಅರ್ಧ ಅಂಕ ಕಳೆದದ್ದು ಗ್ಲಾಸು ಒಡೆಯುತ್ತದೆ ಎಂಬುದಕ್ಕೆ ಮತ್ತು ದಿನವೂ ಒಬ್ಬರು ಹೋಗಿ ಓದಲೇಬೇಕು ಎಂಬುದಕ್ಕೆ.

ಡಿಜಿಟಲ್ ಮಾಪಕದ ಒಳಗಿರುವುದು ಏತದ ಹಾಗೆ ತೂಗುವ ಜೋಡಿ ಚಮಚ. ಒಂದು ತುಂಬಿದರೆ ಮಗುಚಿ ಇನ್ನೊಂದು ಮೇಲೆ ಬರುತ್ತದೆ, ಮಗುಚಿದ್ದನ್ನು ಯಂತ್ರ ಎಣಿಸುತ್ತದೆ. ಸಾಮಾನ್ಯವಾಗಿ ಒಂದು ಮಗುಚಿಗೆ 0.2 ಮಿ.ಮೀ. ಅಥವಾ ಸರಿಯಾಗಿ ಒಂದು ಸೆಂಟು, ಅಂದರೆ 0.254 ಮಿ.ಮೀ. ಇದರ ದೊಡ್ಡ ಗುಣ, ಮಳೆ ಎಷ್ಟು ಬಿತ್ತು ಎಂಬುದರ ಜೊತೆ ಎಷ್ಟು ಹೊತ್ತಿನಲ್ಲಿ ಬಿತ್ತು ಎಂದೂ ಹೇಳುತ್ತದೆ. ಎರಡು ಇಂಚು ರಾತ್ರಿಯಿಡೀ ಬಿದ್ದರೆ ಮಣ್ಣು ಕುಡಿಯುತ್ತದೆ, ಮುಕ್ಕಾಲು ಗಂಟೆಯಲ್ಲಿ ಬಿದ್ದರೆ ಮೇಲ್ಮಣ್ಣನ್ನೇ ಹೊತ್ತು ಹಳ್ಳಕ್ಕೆ ಇಳಿಯುತ್ತದೆ. ಫೈಬರ್ ಮಾಪಕಕ್ಕೆ ಎರಡೂ ಒಂದೇ.

ಆದರೆ ಜೋರು ಮಳೆಯಲ್ಲೇ ಇದು ಕಡಿಮೆ ಎಣಿಸುತ್ತದೆ. ಗಂಟೆಗೆ 100 ಮಿ.ಮೀ. ವೇಗದಲ್ಲಿ ಸುರಿಯುವಾಗ 0.2 ಮಿ.ಮೀ. ಚಮಚ ಏಳು ಸೆಕೆಂಡಿಗೊಮ್ಮೆ ಮಗುಚಬೇಕು. ಮಗುಚುವ ಆ ಅರೆಗಳಿಗೆಯಲ್ಲೂ ನೀರು ಬೀಳುತ್ತಲೇ ಇರುತ್ತದೆ, ತುಂಬಿದ ಚಮಚಕ್ಕೇ ಬಿದ್ದು ಲೆಕ್ಕ ತಪ್ಪಿಸಿಕೊಳ್ಳುತ್ತದೆ. ಮಳೆ ರಭಸವಾಗುತ್ತಿದೆಯೇ ಎಂದು ತಿಳಿಯಲು ಕೊಂಡ ಯಂತ್ರ ರಭಸವನ್ನೇ ತಗ್ಗಿಸಿ ಹೇಳಿದರೆ ಏನು ಫಲ? ದಿನದ ಮೊತ್ತವನ್ನು ಫೈಬರ್ ಮಾಪಕದಿಂದ, ಗಂಟೆಗಂಟೆಯ ಹಂಚಿಕೆಯನ್ನು ಡಿಜಿಟಲ್‌ನಿಂದ ತೆಗೆದುಕೊಂಡರೆ ಮಾತ್ರ ಇದರ ದುಡ್ಡು ಸಾರ್ಥಕ.

ಉಳಿದ ತೊಂದರೆಗಳು ಮಲೆನಾಡಿನವೇ. ಲಾಳಿಕೆಯ ತೂತಿಗೆ ಒಂದು ಒಣಗಿದ ಎಲೆ ಅಡ್ಡ ಬಿದ್ದರೆ ಮಳೆ ನಿಂತ ಮೇಲೂ ಎರಡು ಗಂಟೆ ‘ತುಂತುರು’ ತೋರಿಸುತ್ತಿರುತ್ತದೆ. ಜೇಡ ಚಮಚಕ್ಕೇ ಬಲೆ ಕಟ್ಟುತ್ತದೆ, ಇರುವೆ ಗೂಡು ಮಾಡುತ್ತದೆ, ಕಾಗೆ ಬಳೆಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಮೊದಲ ಮಳೆಗೆ ಮುಂಚೆ ತಪ್ಪದೆ ಬಿಚ್ಚಿ ಒರೆಸಬೇಕು. ಚಮಚಕ್ಕೆ ಎಣ್ಣೆ ಸವರಬೇಡಿ, ಧೂಳು ಕಚ್ಚಿಕೊಳ್ಳುತ್ತದೆ.

ವರ್ಷಕ್ಕೊಮ್ಮೆ ಎಣಿಕೆ ಪರೀಕ್ಷೆ ಮಾಡಿ. ಬಾಯಿಯ ವಿಸ್ತೀರ್ಣವನ್ನು ಒಂದು ಮಗುಚಿನ ಅಳತೆಯಿಂದ ಗುಣಿಸಿದರೆ ಒಂದು ಮಗುಚಿಗೆ ಬೇಕಾದ ನೀರು ಸಿಗುತ್ತದೆ. 200 ಚದರ ಸೆಂ.ಮೀ. ಬಾಯಿ, 0.2 ಮಿ.ಮೀ. ಮಗುಚು ಆದರೆ 4 ಮಿ.ಲೀ. ಒಂದು ಬಾಟಲಿಯ ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ 400 ಗ್ರಾಂ ನೀರನ್ನು ಅರ್ಧ ಗಂಟೆಗೆ ಕಡಿಮೆಯಾಗದಂತೆ ತೊಟ್ಟಿಕ್ಕಿಸಿ. ಎಣಿಕೆ ನೂರು ಬರಬೇಕು. 97ರಿಂದ 103ರ ಒಳಗಿದ್ದರೆ ಬಿಡಿ. ಅದಕ್ಕಿಂತ ಆಚೆ ಹೋದರೆ ಚಮಚದ ಅಡಿಯ ತಿರುಪುಗಳನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಚೊಂಬಿನಿಂದ ಒಮ್ಮೆಗೇ ಸುರಿದು ಪರೀಕ್ಷೆ ಮಾಡಿದರೆ ಎಣಿಕೆ ಕಡಿಮೆಯೇ ಬರುತ್ತದೆ, ಅದು ಯಂತ್ರದ ದೋಷವಲ್ಲ. ಮೊಬೈಲ್ ಆ್ಯಪ್ ನಿಂತುಹೋದರೆ ಹಳೆಯ ಲೆಕ್ಕವೂ ಹೋಗುತ್ತದೆ, ಆದ್ದರಿಂದ ದಿನದ ಅಂಕಿ ಕಾಗದಕ್ಕೆ ಇಳಿಯಲಿ. ಐದಕ್ಕೆ ಮೂರು, ಒಂಟಿಯಾಗಿ ಇಟ್ಟರೆ ಎರಡು.

ಸರ್ಕಾರದ ಪುಕ್ಕಟೆ ಸೇವೆ ಇರುವಾಗ ಸ್ವಂತ ಮಾಪಕ ಏಕೆ ಎನ್ನುವವರಿದ್ದಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದದ್ದು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಆರು ಸಾವಿರಕ್ಕೂ ಹೆಚ್ಚು ಮಾಪಕಗಳಿವೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಊರಿನ ಮಳೆ, ಮುನ್ಸೂಚನೆ ಕೇಳಬಹುದು. ಅಡಿಕೆ, ಕರಿಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕಕ್ಕೂ ಈ ಮಾಪಕಗಳೇ ಆಧಾರ. ಇಷ್ಟು ಹತ್ತಿರ ಹತ್ತಿರ ಮಳೆ ಅಳೆಯುವ ವ್ಯವಸ್ಥೆ ಇರುವುದು ನಿಜಕ್ಕೂ ದೊಡ್ಡ ಮಾತು. ಹವಾಮಾನ ಇಲಾಖೆಯ ಬಳಿ 1901ರಿಂದ ಇತ್ತೀಚಿನವರೆಗೆ ಚೌಕಗಳಾಗಿ ಹಂಚಿದ ದಿನವಹಿ ಮಳೆ ದತ್ತಾಂಶವೂ ಉಚಿತವಾಗಿ ಸಿಗುತ್ತದೆ.

ತೊಡಕು ನಮ್ಮ ನೆಲದ್ದು. ಇಲಾಖೆಯ ಚೌಕದ ಒಂದು ಬದಿ ಕಾಲು ಡಿಗ್ರಿ, ಸುಮಾರು 27 ಕಿ.ಮೀ. ಮಡಿಕೇರಿಯಿಂದ ಕುಶಾಲನಗರ ಹೆಚ್ಚು ಕಡಿಮೆ ಅಷ್ಟೇ ದೂರ, ಮಳೆ ಮಾತ್ರ ಕುಶಾಲನಗರದಲ್ಲಿ ಮಡಿಕೇರಿಯ ಅರ್ಧಕ್ಕೂ ಕಡಿಮೆ. ಪಂಚಾಯಿತಿಯ ಮಾಪಕ ಹತ್ತಿರವೇ ಇದ್ದರೂ ನಡುವೆ ಒಂದು ಗುಡ್ಡ ಬಂದರೆ ಮಾರ್ಚ್‌ನ ಗುಡುಗು ಮಳೆ ಅಲ್ಲಿ ಬಿದ್ದು ಇಲ್ಲಿ ಬೀಳದೆ ಹೋಗಬಹುದು. ಹಾಗಾಗಿ ಈ ಸೇವೆಗಳನ್ನು ಬದಲಿಯಾಗಿ ಅಲ್ಲ, ಒರೆಗಲ್ಲಾಗಿ ಬಳಸಿ. ಗ್ರಾಫ್ ಹಾಳೆಯ ಅಡ್ಡಗೆರೆಯಲ್ಲಿ ಸುತ್ತಲಿನ ಮೂರು ನಾಲ್ಕು ಕೇಂದ್ರಗಳ ಸರಾಸರಿ ವಾರ್ಷಿಕ ಮಳೆಯನ್ನು ವರ್ಷದ ಮೇಲೆ ವರ್ಷ ಕೂಡಿಸುತ್ತ ಹೋಗಿ, ಉದ್ದಗೆರೆಯಲ್ಲಿ ನಿಮ್ಮದನ್ನು ಕೂಡಿಸುತ್ತ ಹೋಗಿ. ಚುಕ್ಕೆಗಳು ಒಂದೇ ನೇರದಲ್ಲಿ ಸಾಗಿದರೆ ನಿಮ್ಮ ಮಾಪಕ ಸರಿಯಿದೆ. ಯಾವುದೋ ವರ್ಷದಲ್ಲಿ ಗೆರೆ ಮೊಣಕೈಯ ಹಾಗೆ ಬಾಗಿದರೆ ಬದಲಾದದ್ದು ಹವಾಮಾನವಲ್ಲ; ಗ್ಲಾಸು, ಜಾಗ ಅಥವಾ ಮರ. ಹವಾಮಾನ ಬದಲಾದರೆ ಅಕ್ಕಪಕ್ಕದವರಿಗೂ ಬದಲಾಗುತ್ತದೆ, ಗೆರೆ ಬಾಗುವುದಿಲ್ಲ.

ಪುಸ್ತಕ ಬರೆಯುವುದರಲ್ಲೂ ಕೆಲವು ಹಳೆಯ ರೋಗಗಳಿವೆ. ಎಲ್ಲಕ್ಕಿಂತ ಕೆಟ್ಟದ್ದು ಸೆಂಟಿನದು. ‘ಒಂದು ಇಂಚು ಐದು ಸೆಂಟು’ ಎಂಬುದನ್ನು 1.5 ಎಂದು ಬರೆದುಬಿಡುತ್ತಾರೆ. ಬರೆಯಬೇಕಾದ್ದು 1.05. ಕಂಪ್ಯೂಟರಿಗೆ ಹಾಕುವಾಗ ಐದು ಸೆಂಟು ಐವತ್ತಾಗುತ್ತದೆ. ಚುಕ್ಕೆಯ ಮುಂದೆ ಒಂದೇ ಅಂಕಿ ಇರುವ ನಮೂದುಗಳನ್ನೆಲ್ಲ ಅನುಮಾನಿಸಿ. ಎರಡನೆಯದು ಖಾಲಿ ಬಿಟ್ಟ ಜಾಗ: ಮಳೆ ಬರಲಿಲ್ಲವೋ, ಓದಲಿಲ್ಲವೋ? ಬರದಿದ್ದರೆ 0 ಎಂದೂ ಓದದಿದ್ದರೆ ಅಡ್ಡಗೆರೆ ಎಳೆದೂ ಬರೆಯಿರಿ. ಮೂರು ದಿನ ಊರಲ್ಲಿಲ್ಲದೆ ಬಂದು ಅಳೆದರೆ ಒಟ್ಟು ಮೊತ್ತಕ್ಕೆ ‘3 ದಿನದ್ದು’ ಎಂದು ಸೇರಿಸಿ, ಮೂರಾಗಿ ಹಂಚಬೇಡಿ. ಓದುವ ಹೊತ್ತು ಬೆಳಿಗ್ಗೆ 8:30. ಇಲಾಖೆಯ ಪದ್ಧತಿಯಲ್ಲಿ ಹತ್ತನೇ ತಾರೀಖು ಬೆಳಿಗ್ಗೆ ಓದಿದ್ದು ಹತ್ತಕ್ಕೇ ಸೇರುತ್ತದೆ, ಮಳೆ ಒಂಬತ್ತರ ಮಧ್ಯಾಹ್ನವೇ ಬಿದ್ದಿದ್ದರೂ. ಹಿಂದಿನ ದಿನಕ್ಕೆ ಬರೆಯುವ ರೂಢಿ ನಿಮ್ಮಲ್ಲಿದ್ದರೆ ಬದಲಿಸಬೇಕಿಲ್ಲ, ಮೊದಲ ಪುಟದಲ್ಲಿ ಹಾಗೆಂದು ಬರೆದಿಡಿ.

ಇಷ್ಟೆಲ್ಲ ಮಾಡಿ ಕೊನೆಗೆ ನೋಡುವುದು ಏನನ್ನು? ಹೆಚ್ಚಿನವರು ನೋಡುವುದು ವರ್ಷದ ಒಟ್ಟು ಮೊತ್ತವನ್ನು. ಬದಲಾವಣೆಯ ಬಗ್ಗೆ ಅತ್ಯಂತ ಕಡಿಮೆ ಹೇಳುವುದು ಅದೇ. ನೂರು ಇಂಚು ನೂರಿಪ್ಪತ್ತು ದಿನದಲ್ಲೂ ಬೀಳಬಹುದು, ಎಂಬತ್ತು ದಿನದಲ್ಲೂ ಬೀಳಬಹುದು. ಇಲಾಖೆಯ ಲೆಕ್ಕದಲ್ಲಿ ‘ಮಳೆ ದಿನ’ ಎಂದರೆ 2.5 ಮಿ.ಮೀ. ಅಥವಾ ಹೆಚ್ಚು, ನಮ್ಮ ಲೆಕ್ಕದಲ್ಲಿ ಹತ್ತು ಸೆಂಟು. ‘ಭಾರಿ ಮಳೆ’ 64.5 ಮಿ.ಮೀ.ನಿಂದ, ಅಂದರೆ ಎರಡು ಇಂಚು ಐವತ್ತನಾಲ್ಕು ಸೆಂಟಿನಿಂದ ಶುರು. ವರ್ಷಕ್ಕೆ ಹತ್ತು ಸೆಂಟು ದಾಟಿದ ದಿನಗಳೆಷ್ಟು, ಎರಡೂವರೆ ಇಂಚು ದಾಟಿದ ದಿನಗಳೆಷ್ಟು, ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಿಲ್ಲದೆ ಸತತವಾಗಿ ಕಳೆದ ಅತಿ ಉದ್ದದ ಅವಧಿ ಎಷ್ಟು ದಿನ ಎಂಬ ಮೂರು ಸಾಲನ್ನು ಪ್ರತಿ ಡಿಸೆಂಬರ್‌ಗೆ ತೆಗೆದಿಟ್ಟರೆ ಹತ್ತು ಹತ್ತು ವರ್ಷದ ಗುಂಪು ಮಾಡಿ ಹೋಲಿಸಬಹುದು.

ಕಾಫಿಯವರಿಗೆ ಇನ್ನೂ ಎರಡು ಸಾಲು ಬೇಕು. ರೊಬಸ್ಟಾಗೆ ಫೆಬ್ರವರಿ–ಮಾರ್ಚ್‌ನಲ್ಲಿ ಒಂದು ಇಂಚಿನ ಆಸುಪಾಸು ಹೂಮಳೆ (ಮೊಗ್ಗು ಅರಳಿಸುವ ಮಳೆ), ಅದಾದ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ (ಅರಳಿದ ಹೂ ಕಾಯಿ ಕಚ್ಚಲು ಬೇಕಾದ ಎರಡನೇ ಮಳೆ). ಇವೆರಡರ ತಾರೀಖು, ಸೆಂಟು, ನಡುವಿನ ಅಂತರ ಬರೆದಿಡಿ. ಇಪ್ಪತ್ತು ಮೂವತ್ತು ಸೆಂಟು ಉದುರಿಸಿ ಹೋದ ಮಳೆಯನ್ನು ಬಿಡಬೇಡಿ, ಮೊಗ್ಗನ್ನು ಅರೆಬರೆ ಎಬ್ಬಿಸಿ ಕೆಡಿಸುವುದು ಅದೇ. ಇನ್ನೊಂದು, ಡಿಸೆಂಬರ್–ಜನವರಿಯಲ್ಲಿ ಕಣದಲ್ಲಿ ಹಣ್ಣು ಹರಡಿರುವಾಗ ಬಂದ ಮಳೆ: ಒಣಗುತ್ತಿರುವುದನ್ನೂ ಕೆಡಿಸಿ, ಕೊಯ್ಲು ಮುಗಿಯದ ಗಿಡದಲ್ಲಿ ಹೂವನ್ನೂ ಎಬ್ಬಿಸುತ್ತದೆ. ಅಡಿಕೆಯವರು ಕೊಳೆರೋಗಕ್ಕೆ ಬೋರ್ಡೋ ಹೊಡೆದ ತಾರೀಖುಗಳನ್ನು ಅದೇ ಪುಸ್ತಕದ ಅಂಚಿನಲ್ಲಿ ಬರೆಯಲಿ. ಮೂರನೇ ಔಷಧಿ ಬೇಕಾಗಿ ಬಂದ ವರ್ಷಗಳು ಎಷ್ಟು ಎಂದು ಎಣಿಸಿದರೆ ಮುಂಗಾರು ಎಳೆದುಕೊಂಡು ಹೋಗುತ್ತಿದೆಯೇ ಎಂಬುದು ಬೇರೆ ದಾರಿಯಿಂದ ಗೊತ್ತಾಗುತ್ತದೆ.

ತಿಂಗಳ ಲೆಕ್ಕಕ್ಕಿಂತ ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಈ ಕೆಲಸಕ್ಕೆ ಒಳ್ಳೆಯದು. ಸೂರ್ಯನ ನಡೆಗೆ ಕಟ್ಟಿದ್ದರಿಂದ ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಪ್ರತಿ ವರ್ಷವೂ ಹುಟ್ಟುತ್ತವೆ, ಒಂದೊಂದೂ ಹದಿಮೂರು ಹದಿನಾಲ್ಕು ದಿನ. ‘ಆರಿದ್ರಾ ಆರದೆ ಹೊಯ್ಯುತ್ತದೆ’ ಎಂಬ ಮಾತು ನಿಮ್ಮ ಊರಿಗೆ ಈಗಲೂ ಹೊಂದುತ್ತದೆಯೇ ಎಂಬುದನ್ನು ಮೂವತ್ತು ಆರಿದ್ರಾಗಳ ಮೊತ್ತ ಸಾಲಾಗಿ ಬರೆದರೆ ನೋಡಿಬಿಡಬಹುದು. (ನಕ್ಷತ್ರ ಹುಟ್ಟುವ ತಾರೀಖೂ ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ಮುಂದಕ್ಕೆ ಜಾರುತ್ತದೆ. ನೂರು ವರ್ಷದ ಪುಸ್ತಕ ಇಟ್ಟುಕೊಂಡವರು ಮಾತ್ರ ತಲೆ ಕೆಡಿಸಿಕೊಳ್ಳಬೇಕಾದ ವಿಷಯ.)

ಒಂದು ವರ್ಷ ನೋಡಿ ತೀರ್ಮಾನಕ್ಕೆ ಹಾರಬೇಡಿ. 2023ರ ಆಗಸ್ಟ್ ದೇಶಕ್ಕೆ 1901ರಿಂದೀಚಿನ ಅತಿ ಒಣ ಆಗಸ್ಟ್, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅದು ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾದ ವರ್ಷ; ಅಂಥ ವರ್ಷಗಳಲ್ಲಿ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುತ್ತದೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಎರಡೂ ಪುಸ್ತಕದಲ್ಲಿ ಎದ್ದು ಕಾಣುವ ಪುಟಗಳೇ, ಆದರೆ ಮೂವತ್ತರಲ್ಲಿ ಎರಡು.

ಕೊಳ್ಳಲು ಹೋದಾಗ: ಲಾಳಿಕೆಯ ಮೇಲೆ ವಿಸ್ತೀರ್ಣ ಅಚ್ಚಾಗಿದೆಯೇ ನೋಡಿ, ಇಲ್ಲದಿದ್ದರೆ ಬಳೆಯ ಒಳವ್ಯಾಸವನ್ನು ಸ್ಕೇಲಿನಲ್ಲಿ ಅಳೆಯಿರಿ. ಬಳೆ ದುಂಡಗಿರಬೇಕು, ಅಂಚು ಚೂಪಾಗಿರಬೇಕು. ಎರಡು ಕಡೆ ಅಳೆದಾಗ ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೇರೆಯದು ಕೇಳಿ. ಬುಡವನ್ನು ಬಕೆಟ್ ನೀರಿನಲ್ಲಿ ಇಳಿಸಿ ಸೋರುತ್ತದೆಯೇ ನೋಡಿ, ಬಾಟಲಿ ಉಕ್ಕಿದ ದಿನ ಉಳಿದ ನೀರು ಅದರೊಳಗೇ ನಿಲ್ಲಬೇಕು. ಬೀಗ ಹಾಕುವ ಕೊಂಡಿ ಇದ್ದರೆ ಒಳ್ಳೆಯದು. ಪುಸ್ತಕಕ್ಕೆ ಪೆನ್ಸಿಲ್ ಇಟ್ಟುಕೊಳ್ಳಿ, ಜುಲೈ ತಿಂಗಳ ತೇವಕ್ಕೆ ಶಾಯಿ ಹರಡುತ್ತದೆ. ಗ್ಲಾಸು ಮಾತ್ರ ಒಂದೇ ಅಳತೆಯವು ಎರಡು ಕೊಳ್ಳಿ, ಎರಡನ್ನೂ ತಕ್ಕಡಿಯಲ್ಲಿ ಪರೀಕ್ಷಿಸಿ, ಒಂದನ್ನು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟು ಅದರ ಮೇಲೆ ‘200ರದ್ದು’ ಅಥವಾ ‘100ರದ್ದು’ ಎಂದು ಬರೆಯಿರಿ.